ಎಮ್ಮೆಬಂಡೆಯ ಈಚೆಗಿನ ಹುಲ್ಲು

ಅಟ್ಟದಿಂದ ಹಳೇ ಟ್ರಂಕು ಇಳಿಸುವಾಗ ಅದರ ಹಿಂದೆ ಸಿಕ್ಕಿಕೊಂಡಿದ್ದ ಪೊರಕೆಯೊಂದು ನನ್ನ ತಲೆಯ ಮೇಲೇ ಬಿತ್ತು. ಹಂಚಿಕಡ್ಡಿ ಪೊರಕೆ. ಸವೆದು ಸವೆದು ಗೇಣುದ್ದ ಉಳಿದಿತ್ತು. ಹಿಡಿಗೆ ಸುತ್ತಿದ್ದ ಕತ್ತಾಳೆ ನಾರು ಮಾತ್ರ ಒಂದೆಳೆಯೂ ಸಡಿಲವಾಗಿರಲಿಲ್ಲ. ಕೊಡವಿದೆ. ಧೂಳಿನ ಜೊತೆಗೆ ಒಂದು ವಾಸನೆ ಎದ್ದಿತು ನೋಡಿ... ಕಾದ ಕಲ್ಲಿನದು, ಒಣಹುಲ್ಲಿನದು, ಅದರೊಳಗೆಲ್ಲೋ ಎಲೆಅಡಿಕೆಯದು. ಏಣಿಯ ಮೇಲೇ ಕೂತುಬಿಟ್ಟೆ.

"ಅದನ್ನ ಎಸೀರಿ ಅತ್ಲಾಗೆ, ಜಿರಲೆ ಸಂಸಾರ ಮಾಡ್ಕೊಂಡಿರ್ತವೆ" ಎಂದು ಕೆಳಗಿನಿಂದ ನನ್ನ ಹೆಂಡತಿ ಕೂಗಿದಳು. ಎಸೆಯಲಿಲ್ಲ. ಟ್ರಂಕು ಇಳಿಸಿದ್ದೇ ಹಳೇ ಹುಲ್ಲಿನ ಲೆಕ್ಕದ ನೋಟ್‌ಬುಕ್ಕು ಹುಡುಕಲು. ನಮ್ಮೂರ ಗೋಮಾಳದಲ್ಲಿ ಉಳಿದಿರುವ ಅರ್ಧ ಭಾಗವನ್ನು ನೋಡಲು ನಾಡಿದ್ದು ಅಧಿಕಾರಿಗಳು ಬರುತ್ತಾರೆಂದು ಪಂಚಾಯ್ತಿ ಗೋಡೆಗೆ ನೋಟೀಸು ಅಂಟಿಸಿದ್ದಾರೆ.

ನಮ್ಮೂರು ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಇದೆ. ಕೆಳಗೆ ನಾಲೆ ನೀರಿನ ಗದ್ದೆ, ಮೇಲೆ ದಿಬ್ಬದ ಮೇಲೆ ಗೋಮಾಳ. ಅಂಚಿನ ಒಂದು ಬೇವು ಬಿಟ್ಟರೆ ಮರವಿಲ್ಲ, ನೆರಳಿಲ್ಲ, ಬರೀ ಹುಲ್ಲು. ಸೊಂಟದೆತ್ತರದ ಹಂಚಿ ಹುಲ್ಲು, ಅದರ ಬುಡದಲ್ಲಿ ಮೊಲ, ಗೌಜಲಕ್ಕಿ, ನೆಲಗುಬ್ಬಿ. ದಾರಿಹೋಕರ ಕಣ್ಣಿಗೆ ಅದು ಪಾಳು. ನಮ್ಮ ಪಕ್ಕದ ಮನೆಯ ದೊಡ್ಡವ್ವನಿಗೆ ಅದು ಅಡುಗೆಮನೆ ಇದ್ದಂತೆ. ಯಾವ ಡಬ್ಬ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಆ ಹುಲ್ಲು ಕುಯ್ದು, ಪೊರಕೆ ಕಟ್ಟಿ, ನಂಜನಗೂಡಿನ ಬೀದಿಗಳಲ್ಲಿ ಮಾರಿ ಅವಳು ಬದುಕು ನಡೆಸಿದ್ದಳು. ಊರೆಲ್ಲ ಅವಳನ್ನು ಪರ್ಕೆ ದೊಡ್ಡವ್ವ ಅನ್ನುತ್ತಿತ್ತು.

ಸಂಕ್ರಾಂತಿ ಕಳೆಯದೆ ಅವಳು ಕುಡುಗೋಲು ಮುಟ್ಟುತ್ತಿರಲಿಲ್ಲ. ಕುಯ್ದ ಹಿಡಿಯನ್ನು ಹೊರೆಗೆ ಸೇರಿಸುವ ಮುಂಚೆ ತಲೆಕೆಳಗು ಮಾಡಿ, ಅದೇ ಬುಡದ ಪಕ್ಕದಲ್ಲಿ ನೆಲಕ್ಕೆ ಮೂರು ಸಲ ಬಡಿಯುತ್ತಿದ್ದಳು. ಬೀಜ ಉದುರಬೇಕು. "ನೆಲದ್ದು ನೆಲಕ್ಕೆ ಕೊಟ್ಬುಟ್ಟು ಕಡ್ಡಿ ಮಾತ್ರ ಎತ್ಕಬೇಕು" ಅನ್ನುತ್ತಿದ್ದಳು. ಅವಸರಕ್ಕೆ ಎರಡೇ ಸಲ ಬಡಿದವರನ್ನು ಕಂಡರೆ ಬೈಗುಳ ಅರ್ಧ ಮೈಲಿ ಕೇಳಿಸುತ್ತಿತ್ತು. ಹುಲ್ಲಿನೊಳಗೆ ಗೂಡು ಕಂಡರೆ ಆ ಬುಡದ ಕಡ್ಡಿಗಳನ್ನು ಜುಟ್ಟು ಕಟ್ಟಿ ಬಿಟ್ಟುಬಿಡುತ್ತಿದ್ದಳು. ಜುಟ್ಟು ಕಟ್ಟಿದ ಬುಡಕ್ಕೆ ಕುರಿಯವರೂ ಕೋಲು ಹಾಕುತ್ತಿರಲಿಲ್ಲ.

ನಾನು ಊರ ಶಾಲೆಯಲ್ಲಿ ಮೇಷ್ಟ್ರಾಗಿ ಕೆಲವು ವರ್ಷಗಳಾಗಿದ್ದವು. ಮೈಸೂರಿನಿಂದ ಒಂದಷ್ಟು ಜನ ಬಂದು, ಇಂಥ ಹುಲ್ಲುಗಾವಲುಗಳು ಕರಗುತ್ತಿವೆ, ವರ್ಷವರ್ಷ ಅಳೆದು ಬರೆದಿಡಬೇಕು ಎಂದು ಕೆಲಸ ಕಲಿಸಿಕೊಟ್ಟರು. ನಾಲ್ಕು ಕಡ್ಡಿ ಸೇರಿಸಿ ಕಟ್ಟಿದ ಚೌಕ ಹುಲ್ಲಿನ ಮೇಲಿಟ್ಟು, ಒಳಗೆ ಯಾವ ಹುಲ್ಲು, ಎಷ್ಟು ಬುಡ ಅಂತ ಎಣಿಸುವುದು. ಮೊದಲ ದಿನ ನಾನು ಮಂಡಿಯೂರಿ ಎಣಿಸುತ್ತಿದ್ದಾಗ ದೊಡ್ಡವ್ವ ಹಿಂದೆ ಬಂದು ನಿಂತಳು.

"ಅದೇನ್ಲಾ ಮಗಾ, ಉಲ್ಲಿಗೆ ಕಿಟ್ಕಿ ಇಕ್ತಾ ಇದ್ದೀಯಾ?"

"ಲೆಕ್ಕ ಮಾಡ್ತಾ ಇದ್ದೀನಿ ದೊಡ್ಡವ್ವ, ಕಮ್ಮಿ ಆಗ್ತಾ ಇದೆಯಾ ಅಂತ."

"ಅದ್ಕೆ ಕಿಟ್ಕಿ ಯಾಕ್ಲಾ? ನಾನು ಮದ್ವೆಯಾಗಿ ಬಂದಾಗ ಈ ಬೇವಿನ್ಮರದತ್ರ ಕುಯ್ಯಕ್ಕೆ ಸುರು ಮಾಡುದ್ರೆ ಎಮ್ಮೆಬಂಡೆ ಮುಟ್ಟೋದ್ರೊಳ್ಗೆ ಒಂದು ಒರೆ ತುಂಬೋದು. ಈಗ ಬಂಡೆ ದಾಟಿ ಓದ್ರೂ ತುಂಬಾಕಿಲ್ಲ. ಬರ್ಕೊ, ಮೇಷ್ಟ್ರೇ."

ನಾನು ನಕ್ಕೆ. ಬರೆದುಕೊಳ್ಳಲಿಲ್ಲ. ಎಮ್ಮೆ ಮಲಗಿದ ಹಾಗೆ ದಿಬ್ಬದ ನಡುವೆ ಇರುವ ಆ ಬಂಡೆಯನ್ನು ಯಾವ ಕಾಲಂನಲ್ಲಿ ಬರೆಯಲಿ?

ಇದಾದ ಎರಡನೇ ವರ್ಷವೇನೋ, ತಾಂಡವಪುರದ ಕೈಗಾರಿಕಾ ಪ್ರದೇಶದಲ್ಲಿ ಜಾಗ ಸಾಲದೆ ಗೋದಾಮು ಕಟ್ಟುವವರು ನಮ್ಮ ಕಡೆಗೂ ಜಾಗ ನೋಡುತ್ತಿದ್ದಾರೆ, ಗೋಮಾಳದ ಮೇಲೆ ಕಣ್ಣು ಬಿದ್ದಿದೆ ಎಂದು ಸುದ್ದಿ ಬಂತು. ಸುಗ್ಗಿ ಮುಗಿದ ಮೇಲೆ ಅಧಿಕಾರಿಗಳು ಬಂದು ನೋಡಿ ಮಹಜರು ಬರೆಯುತ್ತಾರಂತೆ. ನನಗೆ ದಿಗಿಲು ಹತ್ತಿತು. ದಿಬ್ಬದ ಕೆಳಗೆ ಯಾವ ಜೀಪು ನಿಂತರೂ ಪಾಠ ಅರ್ಧಕ್ಕೆ ಬಿಟ್ಟು ಕಿಟಕಿಗೆ ಓಡುತ್ತಿದ್ದೆ. ಆ ದಿಗಿಲಿನಲ್ಲೇ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಕುಯ್ದು ಮೇಯಿಸಿದ ಗೋಮಾಳ ನೋಡಿದರೆ ಬೋಳು ಗುಡ್ಡ ಅನ್ನುತ್ತಾರೆ. ಒಂದು ವರ್ಷ ಯಾರೂ ಮುಟ್ಟದಿದ್ದರೆ ಹುಲ್ಲು ತುಂಬಿ ತೂಗಾಡುತ್ತದೆ, ನೋಡಿದವರು ಬೆರಗಾಗುತ್ತಾರೆ!

ಕುರಿಯವರ ಮನೆಮನೆಗೆ ಹೋಗಿ ಕೈಮುಗಿದೆ. ಮೇಷ್ಟ್ರ ಮಾತು ಅಂತ ಒಪ್ಪಿಕೊಂಡು ನಾಲೆ ಏರಿಯ ಮೇಲೆ ಕುರಿ ಮೇಯಿಸಿಕೊಂಡರು. ಕೊನೆಗೆ ದೊಡ್ಡವ್ವನ ಹತ್ತಿರ ಹೋದೆ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು.

"ಬಾಚ್ದಲೆ ಬುಟ್ರೆ ತಲೆ ಚೆಂದಾಗಿ ಕಂಡದಾ ಮಗಾ?"

"ಒಂದೇ ವರ್ಷ ದೊಡ್ಡವ್ವ. ಉಳಿದರೆ ನಿನಗೇ ತಾನೆ?"

"ಓದಿರೋನು ನೀನು... ಬುಡು, ಮುಟ್ಟಾಕಿಲ್ಲ."

ಆ ವರ್ಷ ಅವಳು ಕುಡುಗೋಲನ್ನು ಸೂರಿಗೆ ಸಿಕ್ಕಿಸಿ, ಯಾರದೋ ಹೊಲಕ್ಕೆ ಕಳೆ ಕೀಳಲು ಕೂಲಿಗೆ ಹೋದಳು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡು ಸಂಜೆ ನನ್ನ ಮನೆ ಮುಂದೆಯೇ ಹಾದು ಹೋಗುತ್ತಿದ್ದಳು.

ಹುಲ್ಲೇನೋ ಬೆಳೆಯಿತು. ಆದರೆ ಹಳೇದು ಹೊಸದು ಸಿಕ್ಕುಗಟ್ಟಿ, ಬಿದ್ದು, ಬೂದು ಬಣ್ಣಕ್ಕೆ ತಿರುಗಿತು. ಶಿವರಾತ್ರಿ ಸಮೀಪಿಸುತ್ತಿದ್ದಾಗ ಮೂವರು ಅಧಿಕಾರಿಗಳು ಬಂದರು. ನಾನು ನೋಟ್‌ಬುಕ್ಕು ಎದೆಗವಚಿಕೊಂಡು ಮುಂದೆ ನಿಂತೆ. ಹಿರಿಯರು ಸಮಾಧಾನದಿಂದಲೇ ನೋಡಿದರು.

"ಹುಲ್ಲಿದೆ ಅಂತ ನಾವೂ ಒಪ್ತೀವಿ ಮೇಷ್ಟ್ರೇ. ಊರಿನವರು ಬಳಸ್ತಾ ಇದ್ದಾರಾ ಅನ್ನೋದಷ್ಟೇ ಪ್ರಶ್ನೆ. ಒಂದು ಕಾಲುದಾರಿ ಇಲ್ಲ, ಒಂದು ಹಿಕ್ಕೆ ಕಾಣಲ್ಲ. ವರ್ಷಗಟ್ಟಲೆಯಿಂದ ಯಾರೂ ಕಾಲಿಟ್ಟ ಹಾಗಿಲ್ಲವಲ್ಲ?"

ಕುರಿಯವರು ನನ್ನ ಮುಖ ನೋಡಿದರು. ಗುಂಪಿನ ಹಿಂದಿನಿಂದ ದೊಡ್ಡವ್ವ ಬಂದಳು.

"ನಾನು ಬತ್ತೀನಿ ಸಾ. ವರ್ಸವರ್ಸವೂ ಕುಯ್ತೀನಿ. ಪರ್ಕೆ ಕಟ್ತೀನಿ."

"ಈ ವರ್ಷ ಕುಯ್ದ ಜಾಗ ತೋರಿಸಮ್ಮಾ, ಬರ್ಕೋತೀವಿ."

ಅವಳು ನನ್ನ ಕಡೆ ನೋಡಿದಳು. ಒಂದೇ ಒಂದು ಗಳಿಗೆ. ಮೇಷ್ಟ್ರು ಬೇಡ ಅಂದರು ಎಂದು ಅವಳು ಹೇಳಿದ್ದರೆ ಮುಗಿಯುತ್ತಿತ್ತು. ನಾನೇ ಹೇಳಬಹುದಿತ್ತು. ಇಡೀ ಊರು ನಿಂತಿತ್ತು. ಊರಿನ ಮುಂದೆ ದಡ್ಡನಾಗಲು ನನ್ನ ನಾಲಗೆ ಏಳಲಿಲ್ಲ.

"ಈ ವರ್ಸ... ಮಂಡಿ ನೋವು ಸಾ" ಅಂದಳು.

ಬಳಕೆಯಲ್ಲಿಲ್ಲ ಎಂದು ಬರೆದರು. ಎಮ್ಮೆಬಂಡೆಯ ಆಚೆಗಿನ ಅರ್ಧ ಹೋಯಿತು. ಈಚೆಗಿನದು ಇಳಿಜಾರು, ಕಟ್ಟಡಕ್ಕೆ ಸದ್ಯಕ್ಕೆ ಬೇಡವೆಂದು ಉಳಿಯಿತು. ಜೆಸಿಬಿ ಬಂದ ದಿನ ನೆಲಗುಬ್ಬಿಗಳು ಅದರ ಸುತ್ತಲೇ ಕೂಗುತ್ತಾ ಹಾರುತ್ತಿದ್ದವು. ದೊಡ್ಡವ್ವ ಬೇವಿನ ಮರದ ಕೆಳಗೆ ಕೂತು ಸಂಜೆಯವರೆಗೂ ನೋಡಿದಳು. ನಾನು ಶಾಲೆಗೆ ರಜೆ ಹಾಕಿ ಮನೆಯೊಳಗೆ ಕೂತಿದ್ದೆ.

ಮುಂದಿನ ಸಂಕ್ರಾಂತಿ ಕಳೆದ ಮೇಲೆ ಉಳಿದ ಅರ್ಧದಲ್ಲಿ ಕುಯ್ದು ಕಟ್ಟಿದ ಮೊದಲ ಪೊರಕೆಯನ್ನು ನಮ್ಮ ಮನೆಗೇ ತಂದಳು. ಹೊಸ್ತಿಲಾಚೆಯೇ ನಿಂತು ಕೊಟ್ಟಳು. ಅಟ್ಟದಿಂದ ನನ್ನ ತಲೆಯ ಮೇಲೆ ಬಿದ್ದದ್ದು ಅದೇ. ತಪ್ಪಾಯ್ತು ದೊಡ್ಡವ್ವ ಅನ್ನಲು ಬಾಯಿ ತೆರೆದೆ.

"ಆ ಮೊಕ ಯಾಕ್ಲಾ ಅಂಗ್ ಮಾಡಿದ್ದೀಯ? ಇರೋದನ್ನ ನೋಡ್ಕೊ. ಬತ್ತೀಯಾ, ಪರ್ಕೆ ಕಟ್ಟೋದ ಕಲ್ಸ್‌ಕೊಡ್ತೀನಿ?"

ಭಾನುವಾರ ಬರುತ್ತೇನೆ ಅಂದೆ. ಹೋಗಲಿಲ್ಲ. ಅವಳ ಎದುರು ಒಂದು ಗಂಟೆ ಕೂರುವ ಧೈರ್ಯ ಇರಲಿಲ್ಲ ಅಂತೀನಿ ಈಗ. ಆಗ ಕೆಲಸವಿತ್ತು ಅಂದುಕೊಂಡಿದ್ದೆ... ಇನ್ನೂ ಕೆಲವು ವರ್ಷ ಕುಯ್ದಳು. ಆಮೇಲೆ ನಿಜವಾಗಿಯೂ ಮಂಡಿ ಹಿಡಿಯಿತು. ಒಂದು ಆಷಾಢದಲ್ಲಿ ಹೋಗಿಬಿಟ್ಟಳು. ಊರಿಗೆಲ್ಲ ಪ್ಲಾಸ್ಟಿಕ್ ಪೊರಕೆ ಬಂದಿತ್ತು. ಕುರಿಗಳೂ ಕಮ್ಮಿಯಾದವು. ಆ ಹುಲ್ಲಿಗೆ ಕುಡುಗೋಲು ತಾಗಿ ಆರು ವರ್ಷವಾಯಿತು.

ಇದೆಲ್ಲ ನೆನೆದು ಏಣಿ ಇಳಿದವನು ನೋಟ್‌ಬುಕ್ಕು ಹುಡುಕಲಿಲ್ಲ. ಅವಳ ಮಗನ ಮನೆಯ ಸೂರಿನಲ್ಲಿ ಕುಡುಗೋಲು ಹಾಗೇ ಸಿಕ್ಕಿಕೊಂಡಿತ್ತು. ಕೇಳಿ ಇಸಿದುಕೊಂಡೆ. ಅವನು ನನ್ನ ಬಿಳಿ ಪಂಚೆ ನೋಡಿ, "ಸಾ, ಕಾಲು ಕುಯ್ಕಂಡೀರಾ ಉಸಾರು" ಅಂದು ನಕ್ಕ.

ಬೇವಿನ ಮರದ ಹತ್ತಿರ ಶುರು ಮಾಡಿದೆ. ಹಿಡಿ ಕುಯ್ದು, ತಲೆಕೆಳಗು ಮಾಡಿ, ಮೂರು ಸಲ ಬಡಿದೆ. ಬೀಜ ಉದುರಿತು. ಎಮ್ಮೆಬಂಡೆ ಮುಟ್ಟಿದಾಗ ಹೊರೆ ಅರ್ಧವೂ ಆಗಿರಲಿಲ್ಲ. ಅದರಾಚೆ ಹೋಗಲು ಈಗ ನೆಲವಿಲ್ಲ, ಗೋದಾಮಿನ ತಂತಿಬೇಲಿ. ತಿರುಗಿ ನೋಡಿದೆ. ಕುಯ್ದ ಪಟ್ಟಿ ಎಳೆ ಮಗುವಿನ ಬೈತಲೆಯಂತೆ ಸೊಟ್ಟಸೊಟ್ಟಗೆ ಕಂಡಿತು. ಇಷ್ಟು ಸಾಕಾದೀತೇ? ನಾಡಿದ್ದು ಬರುವವರು ಒಂದು ಪಟ್ಟಿ ನೋಡಿ ಬಳಕೆ ಅಂತ ಬರೆದಾರೇ? ನಿನ್ನೆ ಮೊನ್ನೆ ಕುಯ್ದದ್ದಲ್ಲವೇ ಅಂತ ಕೇಳಿದರೆ?

ಕೇಳಿದರೆ ಹೌದು ಅನ್ನಬೇಕು. ಯಾಕೆ ಇಷ್ಟು ವರ್ಷ ಯಾರೂ ಬರಲಿಲ್ಲ, ಅದಕ್ಕೂ ಮುಂಚೆ ಯಾರು ಬರುತ್ತಿದ್ದರು, ಅವಳನ್ನು ತಡೆದವನು ಯಾರು ಅನ್ನುವುದನ್ನೂ ಊರಿನ ಮುಂದೆಯೇ ಹೇಳಬೇಕು. ಅರ್ಧ ಗೋಮಾಳದಷ್ಟು ತಡವಾಯಿತು.

ಹೊರೆ ಈಗ ನಮ್ಮ ಜಗಲಿಯ ಮೇಲಿದೆ. ಹೆಂಡತಿ ಅದನ್ನು ಸುತ್ತಿ ಬಳಸಿ ಓಡಾಡುತ್ತಿದ್ದಾಳೆ. ಪಕ್ಕದಲ್ಲಿ ಆ ಗೇಣುದ್ದದ ಪೊರಕೆ ಇಟ್ಟುಕೊಂಡು, ನಾರು ಎಲ್ಲಿಂದ ಒಳಗೆ ಹೋಗಿ ಎಲ್ಲಿ ಹೊರಗೆ ಬಂದಿದೆ ಅಂತ ಆಗಿನಿಂದ ನೋಡುತ್ತಿದ್ದೇನೆ. ಗಂಟಿನ ತುದಿಯೇ ಕಾಣುವುದಿಲ್ಲ. ಬಿಚ್ಚಿದರೆ ತಿಳಿದೀತು... ಬಿಚ್ಚಲು ಕೈ ಬರುತ್ತಿಲ್ಲ.