ಚುಕ್ಕಿಗೆ ತಿನ್ನಿಸಿದ ಅಂಟಿನುಂಡಿ

ಉಂಡಿಗೆ ಹಾಕುವ ಮರದ ಅಂಟನ್ನು ತುಪ್ಪದಲ್ಲಿ ಹುರಿಯುವಾಗ ಅವಸರ ಮಾಡಬಾರದು. ಉರಿ ಸಣ್ಣಗಿರಬೇಕು, ಒಂದೊಂದೇ ಹಿಡಿ ಹಾಕಬೇಕು, ಅದು ಅರಳಿ ಬೆಳ್ಳಗಾಗುವ ತನಕ ಸೌಟು ಆಡಿಸುತ್ತ ನಿಲ್ಲಬೇಕು. ಇಲ್ಲದಿದ್ದರೆ ನಡುವೆ ಗಟ್ಟಿ ಹರಳು ಉಳಿದು ತಿನ್ನುವವರ ಹಲ್ಲಿಗೆ ಕಲ್ಲಿನಂತೆ ತಾಗುತ್ತದೆ. ಇವತ್ತು ಬೆಳಿಗ್ಗೆ ಹೀಗೇ ಒಲೆಯ ಮುಂದೆ ನಿಂತಿದ್ದೆ. ಮೊಮ್ಮಗಳು ಹಡೆದು ಹನ್ನೆರಡು ದಿನ. ಬಾಣಂತಿಗೆ ಅಂಟಿನುಂಡಿ ಕಟ್ಟುವುದು ನಮ್ಮ ಬಳಗದಲ್ಲಿ ನನ್ನ ಪಾಲಿನ ಕೆಲಸ. ಎಷ್ಟು ಬಾಣಂತಿಯರಿಗೆ ಕಟ್ಟಿದ್ದೇನೋ ಲೆಕ್ಕವಿಟ್ಟಿಲ್ಲ, ಆದರೆ ಒಂದನ್ನೂ ನಾನು ಬಾಯಿಗೆ ಹಾಕುವುದಿಲ್ಲ. ಕೇಳಿದವರಿಗೆ ಹಲ್ಲಿನ ನೆಪ ಹೇಳುತ್ತೇನೆ. ಹಲ್ಲು ಗಟ್ಟಿಯಿದ್ದ ಕಾಲದಲ್ಲಿ ಪಿತ್ತದ ನೆಪ ಹೇಳುತ್ತಿದ್ದೆ. ನಿಜವಾದ ಕಾರಣ ಒಂದು ಆಡು. ನಗಬೇಡಿ, ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಮ್ಮವರು ತಿರ್ಲಾಪುರದಲ್ಲಿ ಮಾಸ್ತರರಾಗಿದ್ದರು. ನಾನು ಮಿಶ್ರಿಕೋಟಿಯವಳು, ಭತ್ತದ ಗದ್ದೆ ನೋಡಿ ಬೆಳೆದವಳು. ತಿರ್ಲಾಪುರದ ಎರೆಮಣ್ಣು ನನಗೆ ಹೊಸದು. ಮಳೆ ಹನಿದರೆ ಸಾಕು, ಪ್ರತಿ ಹೆಜ್ಜೆಗೂ ಕಾಲಿಗೆ ಸೇರು ಸೇರು ಮೆತ್ತಿಕೊಳ್ಳುತ್ತಿತ್ತು. ಚೊಚ್ಚಲ ಬಾಣಂತನ ತವರಿನಲ್ಲಿ ಮುಗಿಸಿಕೊಂಡು ಐದು ತಿಂಗಳ ಕೂಸಿನ ಜೊತೆ ಆ ಮಣ್ಣಿಗೆ ಬಂದಿಳಿದಾಗ ಬಸ್ಸಿನ ಮೇಲೆ ಕಲಘಟಗಿ ತೊಟ್ಟಿಲು, ನನ್ನ ತೊಡೆಯ ಮೇಲೆ ಅವ್ವ ಕಟ್ಟಿಕೊಟ್ಟ ಅಂಟಿನುಂಡಿಯ ಡಬ್ಬಿ. ಕೂಸು ಪಕ್ಕದ ಹೆಂಗಸಿನ ತೊಡೆಯ ಮೇಲಿತ್ತು. ಡಬ್ಬಿಯನ್ನು ಮಾತ್ರ ನಾನು ಯಾರ ಕೈಗೂ ಕೊಟ್ಟಿರಲಿಲ್ಲ.

ಬಂದು ವಾರ ಕಳೆಯುವುದರೊಳಗೆ ನನಗೆ ವಿಷಮಜ್ವರ ಹತ್ತಿತು. ಇಪ್ಪತ್ತು ದಿನ ಮಲಗಿ ಏಳುವಷ್ಟರಲ್ಲಿ ಎದೆಹಾಲು ಬತ್ತಿಹೋಗಿತ್ತು. ತುಪ್ಪ ಬೆಲ್ಲ ಮುಟ್ಟಕೂಡದೆಂದು ಡಾಕ್ಟರರ ಪಥ್ಯ, ಹೀಗಾಗಿ ಡಬ್ಬಿಯೂ ಮುಚ್ಚಿತು. ಕೂಸಿಗೆ ಎಮ್ಮೆ ಹಾಲು ಒಗ್ಗಲಿಲ್ಲ, ಆಕಳ ಹಾಲೂ ಒಗ್ಗಲಿಲ್ಲ. ಎಷ್ಟು ನೀರು ಬೆರೆಸಿದರೂ ವಾಂತಿ, ಭೇದಿ. ಹಾಲಿನ ಪುಡಿಯ ಡಬ್ಬಿ ನವಲಗುಂದದ ಅಂಗಡಿಯಲ್ಲಿ ಒಂದು ವಾರ ಇದ್ದರೆ ಮೂರು ವಾರ ಇರುತ್ತಿರಲಿಲ್ಲ. ಜೋರಾಗಿ ಅಳುವ ಕೂಸಿಗೆ ಹೆದರಬೇಕಾಗಿಲ್ಲ. ನಮ್ಮ ಕೂಸಿನ ಅಳು ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು. ಅಡಿಗೆಮನೆಯಲ್ಲಿದ್ದರೆ ಕೇಳಿಸುತ್ತಿರಲಿಲ್ಲ, ಅದಕ್ಕೇ ನಾನು ಅಡಿಗೆಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಆಡಿನ ಹಾಲು ಕುಡಿಸಿ ನೋಡಿ ಎಂದವಳು ಹಿತ್ತಲ ಗೋಡೆಯಾಚೆಯ ಫಕ್ಕೀರವ್ವ. ನಡುವಯಸ್ಸು ದಾಟಿದ ಒಂಟಿ ಹೆಂಗಸು. ಹಗಲೆಲ್ಲ ಮಂದಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಆಕೆಯ ಬದುಕೆಂದರೆ ಎರಡು ಆಡು, ಕೆಂಪಿ ಮತ್ತು ಚುಕ್ಕಿ. ಆದರೆ ಎರಡೂ ಆಗ ಗಬ್ಬವಾಗಿದ್ದವು. ಊರಲ್ಲಿ ಬೇರೆ ಆಡು ಇರಲಿಲ್ಲವೆ ಎಂದು ಕೇಳುತ್ತೀರಿ. ಇದ್ದವು. ಆದರೆ ಊರಿಗೆಲ್ಲ ಗ್ರಾಮದೇವತೆ ದ್ಯಾಮವ್ವನ ಹೆಸರಿನಲ್ಲಿ ಬಿಟ್ಟ ಹೋತ ಒಂದೇ. ಅದರ ಮರ್ಜಿಯಂತೆ ಎಲ್ಲ ಆಡುಗಳೂ ಒಂದೇ ಹಂಗಾಮಿಗೆ ಗಬ್ಬವಾಗಿ, ಒಂದೇ ಹಂಗಾಮಿಗೆ ಹಾಲು ಬತ್ತಿಸಿಕೊಂಡು ನಿಲ್ಲುತ್ತಿದ್ದವು. ಎಲ್ಲಕ್ಕೂ ಮೊದಲು ಈಯಬೇಕಾದವು ಫಕ್ಕೀರವ್ವನವೇ.

ಆಕೆ ಮೊದಲ ದಿನವೇ ಕರಾರು ಹೇಳಿಬಿಟ್ಟಳು. "ಆಡಿಗೆ ಇರೂವು ಎರಡ ಮೊಲಿ, ಅಕ್ಕಾರ. ಒಂದ ಮರಿ ಹಾಕಿತಂದ್ರ ಒಂದ ಮೊಲಿ ಮರಿಗೆ, ಒಂದ ಮೊಲಿ ನಿಮ್ಮ ಕೂಸಿಗೆ. ಎರಡು ಹಾಕಿತಂದ್ರ ನನ್ನ ಕಡೆ ಏನೂ ಕೇಳಬ್ಯಾಡ್ರಿ."

ಆಡು ಸಾಕಿದವರು ಯಾರಾದರೂ ಅವಳಿ ಮರಿಗೇ ಹರಕೆ ಹೊರುವವರು. ನಾನು ಆಕೆಯ ಛಪ್ಪರದ ಕೆಳಗೇ ಕುಳಿತು ಒಂದೇ ಮರಿಯಾಗಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಆದರೂ ಬೇಡುವುದನ್ನು ಬಿಡಲಿಲ್ಲ.

ಹೋಳಿ ಹುಣ್ಣಿಮೆಗೆ ಹೋತ ಹಾರಿದೆ, ಐದು ಹುಣ್ಣಿಮೆ ಎಣಿಸಿದರೆ ಶ್ರಾವಣದ ಹುಣ್ಣಿಮೆಗೆ ಈಯುತ್ತವೆ ಎಂದು ಫಕ್ಕೀರವ್ವನ ಲೆಕ್ಕ. ನಾನು ಮಾಸ್ತರರ ಹೆಂಡತಿಯಲ್ಲವೆ, ಗೋಡೆಯ ಕ್ಯಾಲೆಂಡರಿನಲ್ಲಿ ನೂರೈವತ್ತು ದಿನ ಎಣಿಸಿ ಗುರುತು ಹಾಕಿದೆ. ನನ್ನ ಲೆಕ್ಕಕ್ಕೂ ಆಕೆಯ ಲೆಕ್ಕಕ್ಕೂ ಎರಡೇ ದಿನದ ಅಂತರ ಬಂತು. ನಾನು ಆ ಎರಡು ದಿನವನ್ನು ಆಕೆಯ ತಪ್ಪೆಂದು ತಿಳಿದೆ. ಆಡುಗಳಿಗೆ ಕ್ಯಾಲೆಂಡರ್ ಓದಲು ಕಲಿಸಿದ್ದೀರೇನು ಎಂದು ಆಕೆ ಕೇಳಿದಳು.

ಕಾಯುವ ಕೆಲಸ ನನ್ನದಾಯಿತು. ಆಕೆ ಹೊಲಕ್ಕೆ ಹೋದ ಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಛಪ್ಪರದಲ್ಲಿ ಕೂಡುತ್ತಿದ್ದೆ. ನೋಡಬೇಕಾದ್ದನ್ನೆಲ್ಲ ಆಕೆ ಹೇಳಿಕೊಟ್ಟಿದ್ದಳು: ಕೆಚ್ಚಲು ಬಿಗಿದು ಮಿರುಗುತ್ತದೆ, ಬಾಲದ ಬುಡ ಎರಡೂ ಕಡೆ ಕುಸಿಯುತ್ತದೆ, ಮೇವು ಬಿಟ್ಟು ಮುಂಗಾಲಿನಿಂದ ನೆಲ ಕೆರೆಯುತ್ತದೆ, ತನ್ನ ಹೊಟ್ಟೆಯನ್ನೇ ತಿರುಗಿ ನೋಡಿ ಮಾತಾಡುತ್ತದೆ. ಎರಡನೆಯ ದಿನವೇ ಕೆಂಪಿ ನೆಲ ಕೆರೆಯಿತು. ನಾನು ಕೂಸನ್ನು ಎತ್ತಿಕೊಂಡು ಎರೆಯಲ್ಲಿ ಅರ್ಧ ಮೈಲಿ ಓಡಿ ಫಕ್ಕೀರವ್ವನನ್ನು ಕರೆದು ತಂದೆ. ಆಕೆ ನೋಡಿದಳು. ಕೆಂಪಿ ಮಲಗಲು ಜಾಗ ಹಸನು ಮಾಡಿಕೊಂಡಿತ್ತು, ಅಷ್ಟೇ. ಮರುದಿನ ಮತ್ತೆ ಓಡಿದೆ. ಆಗ ಆಕೆ ಸಾಲಿನಿಂದ ತಲೆಯನ್ನೂ ಎತ್ತಲಿಲ್ಲ.

ಹುಣ್ಣಿಮೆಯ ಮರುದಿನ ಮಟಮಟ ಮಧ್ಯಾಹ್ನ, ಫಕ್ಕೀರವ್ವ ಉಣ್ಣಲು ಮನೆಗೆ ಬಂದಿದ್ದಾಗ, ಕೆಂಪಿ ನಿಜವಾಗಿ ಈಯಿತು. ಒಂದು ಮರಿ. ನಾನು ಕೈ ಮುಗಿದೆ. ಮುಗಿದ ಕೈ ಇಳಿಸುವಷ್ಟರಲ್ಲಿ ಇನ್ನೊಂದು. ಎರಡೂ ಹೆಣ್ಣು. ಫಕ್ಕೀರವ್ವನ ಮುಖ ಅರಳಿತು, ಆಮೇಲೆ ನನ್ನ ಮುಖ ನೋಡಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಛಲೋ ಆತು ಎಂದು ಹೇಳಿ ನಾನು ಮನೆಗೆ ಬಂದು ಕೂಸನ್ನು ಅಪ್ಪಿಕೊಂಡು ಅತ್ತೆ.

ಉಳಿದದ್ದು ಚುಕ್ಕಿ. ದಿನ ತುಂಬಿದರೂ ಅದು ಈಯುವ ಲಕ್ಷಣ ತೋರಿಸಲಿಲ್ಲ. ಕೆಚ್ಚಲೂ ಸಣ್ಣದು. ಒಂದು ದಿನ ಮೂಲೆಯಲ್ಲಿದ್ದ ಡಬ್ಬಿ ನನ್ನ ಕಣ್ಣಿಗೆ ಬಿತ್ತು. ಅಂಟಿನುಂಡಿ ತಿಂದರೆ ಹಾಲು ಹೆಚ್ಚುತ್ತದೆಂದು ಎಲ್ಲರಿಗೂ ಗೊತ್ತು. ನಾನಂತೂ ತಿನ್ನುವಂತಿಲ್ಲ. ಇನ್ನು ನನ್ನ ಕೂಸಿಗೆ ಹಾಲು ಕೊಡುವವಳು ಚುಕ್ಕಿ, ಅಂದ ಮೇಲೆ ಉಂಡಿ ತಿನ್ನಬೇಕಾದವಳೂ ಅವಳೇ. ಈ ತರ್ಕದಲ್ಲಿ ಆಗ ನನಗೆ ಒಂದು ಕೂದಲೆಳೆಯಷ್ಟೂ ತಪ್ಪು ಕಾಣಲಿಲ್ಲ.

ಮೊದಲ ದಿನ ಅರ್ಧ ಉಂಡಿ ಪುಡಿ ಮಾಡಿ ಅಂಗೈಯಲ್ಲಿ ಹಿಡಿದೆ. ತುಪ್ಪ, ಕೊಬ್ಬರಿ, ಉತ್ತತ್ತಿ, ಬೆಲ್ಲ. ಜಾಲಿಕಾಯಿ ತಿಂದು ಬೆಳೆದ ಆಡು ನನ್ನ ಕೈಯನ್ನೇ ನುಂಗುವ ಹಾಗೆ ನೆಕ್ಕಿತು. ಆಮೇಲೆ ದಿನಕ್ಕೊಂದಾಯಿತು, ಮುಂದೆ ಎರಡು. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಚುಕ್ಕಿ ಗೂಟ ಕಿತ್ತುಕೊಂಡು ಬರುವಂತೆ ಒದರುತ್ತಿತ್ತು. ಡಬ್ಬಿ ಇಳಿಯುತ್ತಿರುವುದನ್ನು ಕಂಡ ನಮ್ಮವರು, ನಾನೇ ಕದ್ದು ತಿನ್ನುತ್ತಿದ್ದೇನೆಂದು ತಿಳಿದು ಪಥ್ಯದ ಮೇಲೆ ಶಾಲೆಯ ಪಾಠದ ಹಾಗೆ ಅರ್ಧ ತಾಸು ಹೇಳಿದರು. ಮಾಡದ ತಪ್ಪಿಗೆ ತಲೆ ಬಾಗಿಸಿ ಬೈಸಿಕೊಂಡೆ.

ಕೆಂಪಿ ಈದ ಹನ್ನೆರಡನೆಯ ದಿನ ಬೆಳಿಗ್ಗೆ ಚುಕ್ಕಿಗೆ ಬೇನೆ ಸುರುವಾಯಿತು. ಅಂದು ಫಕ್ಕೀರವ್ವ ಹೊಲಕ್ಕೆ ಹೋಗಲಿಲ್ಲ. ಮಧ್ಯಾಹ್ನವಾದರೂ ಮರಿ ಬರಲಿಲ್ಲ. ಆಕೆ ಮೊಣಕೈ ತನಕ ಔಡಲೆಣ್ಣೆ ಹಚ್ಚಿಕೊಂಡು ಕೈ ಹಾಕಿದಳು. ನಾನು ಚುಕ್ಕಿಯ ತಲೆ ಹಿಡಿದು ಕೂತೆ. ಅದು ಅಷ್ಟು ನೋವಿನಲ್ಲೂ ನನ್ನ ಅಂಗೈ ಮೂಸಿತು.

ಮರಿ ಬಹಳ ದೊಡ್ಡದಾಗಿತ್ತು. ಹೊರಗೆ ಬಂದಾಗ ಉಸಿರಿರಲಿಲ್ಲ. ಫಕ್ಕೀರವ್ವ ಅದರ ಮೂಗಿನಲ್ಲಿ ಊದಿದಳು, ಹಿಂಗಾಲು ಹಿಡಿದು ತೂಗಾಡಿಸಿದಳು, ಒಣ ಹುಲ್ಲಿನಿಂದ ಎದೆ ತಿಕ್ಕಿದಳು. ಆಮೇಲೆ ನೆಲದ ಮೇಲಿಟ್ಟಳು. "ಭಾಳ ತಿಂದೈತಿ. ಮರಿ ಒಳಗ ದಪ್ಪ ಆಗೇತಿ," ಎಂದಳು. ನನ್ನ ಕಡೆಗೆ ನೋಡಿ ಹೇಳಲಿಲ್ಲ. ನಾನು ಅಂಗೈಯನ್ನು ಸೆರಗಿಗೆ ಒರೆಸಿಕೊಂಡೆ.

ಚುಕ್ಕಿ ಸತ್ತ ಮರಿಯನ್ನೇ ನೆಕ್ಕುತ್ತಿತ್ತು. ಎದುರಿಗೆ ಮರಿ ಇಲ್ಲದಿದ್ದರೆ ಆಡು ಹಾಲು ಇಳಿಸುವುದಿಲ್ಲ. ಫಕ್ಕೀರವ್ವ ಕೂತು ಅಳಲಿಲ್ಲ. ಕೆಂಪಿಯ ಎರಡು ಮರಿಗಳಲ್ಲಿ ಒಂದನ್ನು ಎತ್ತಿ ತಂದು, ಸತ್ತ ಮರಿಯ ಮೈಮೇಲಿನ ಲೋಳೆಯನ್ನು ಅದಕ್ಕೆ ನೆತ್ತಿಯಿಂದ ಬಾಲದ ತನಕ ಸವರಿದಳು. ಹನ್ನೆರಡು ದಿನದ ಮರಿ ಜಿಗಿದಾಡಿದರೆ ಚುಕ್ಕಿಗೆ ಗುಟ್ಟು ತಿಳಿದೀತೆಂದು ಅದರ ಕಾಲು ಕಟ್ಟಿ ಮೂಗಿನ ಮುಂದೆ ಮಲಗಿಸಿದಳು. ಸತ್ತದ್ದನ್ನು ಮೆಲ್ಲಗೆ ಬುಟ್ಟಿಯಲ್ಲಿ ಮುಚ್ಚಿದಳು. ಚುಕ್ಕಿ ಮೂಸಿತು, ನಿಂತಿತು, ಮತ್ತೆ ಮೂಸಿತು. ಕೊನೆಗೆ ನಾಲಿಗೆ ಹಾಕಿತು.

ಹೀಗೆ ಎರಡು ಆಡಿಗೂ ಒಂದೊಂದೇ ಮರಿಯಾಯಿತು. ನಾನು ಬೇಡಿಕೊಂಡದ್ದೂ ಅದನ್ನೇ. ಅಂದು ಸಂಜೆಯೇ ಫಕ್ಕೀರವ್ವ ಕೆಂಪಿಯ ಒಂದು ಮೊಲೆ ಕರೆದು, ತಂಬಿಗೆಯ ತಳದಲ್ಲಿ ನಾಲ್ಕು ಬೆರಳು ಹಾಲು ತಂದು ನಮ್ಮ ಕಟ್ಟೆಯ ಮೇಲಿಟ್ಟು ಹೋದಳು. ಕೂಸು ಒಳಲೆಯಲ್ಲಿ ಅಷ್ಟನ್ನೂ ಕುಡಿಯಿತು, ಕಕ್ಕಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅದರ ಅಳು ಓಣಿಯ ಆ ತುದಿಗೆ ಕೇಳುವಂತಾಯಿತು. ಯಾರ ಮನೆಯ ಹಾಲು ಎಂದು ನಮ್ಮ ಅತ್ತೆ ಕಾಗದ ಬರೆಸಿ ಕೇಳಿದರು. ಆಡಿನದು ಎಂದು ನಮ್ಮವರು ಉತ್ತರ ಬರೆದರು.

ಉಂಡಿಯ ಮಾತನ್ನು ನಾನು ಹೇಳಲಿಲ್ಲ. ದಿನಾ ತಂಬಿಗೆ ಇಸಿದುಕೊಳ್ಳುವಾಗ ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದೆ. ಎರಡು ವರ್ಷಕ್ಕೆ ನಮಗೆ ವರ್ಗವಾಯಿತು. ಸಾಮಾನು ಚಕ್ಕಡಿಗೆ ಏರಿದ ಮೇಲೆ ಹಿತ್ತಲ ಗೋಡೆಯ ಹತ್ತಿರ ಹೋಗಿ, ಚುಕ್ಕಿಗೆ ಉಂಡಿ ತಿನ್ನಿಸಿದವಳು ನಾನೇ ಎಂದು ಹೇಳಿಬಿಟ್ಟೆ.

"ಗೊತ್ತಿತ್ರಿ, ಅಕ್ಕಾರ. ಅದರ ಬಾಯಿ ತುಪ್ಪದ ವಾಸನಿ ಹೊಡೀತಿತ್ತು. ಅವತ್ತ ತಿಳೀತು."

"ಮತ್ತ ಯಾಕ ಬೈಲಿಲ್ಲ ಬೇ?"

ಆಕೆ ಗೋಡೆಯ ಮೇಲಿನ ಮಣ್ಣಿನ ಹೆಂಟೆ ಕೆರೆದಳು. "ಬೈದಿದ್ರ ನೀವು ನನ್ನ ಹಾಲು ತಗೋತಿದ್ದಿಲ್ರಿ," ಎಂದಳು.

ನಾನು ಹೋಗಿ ಚಕ್ಕಡಿ ಏರಿದೆ. ಮರಿ ಸತ್ತದ್ದು ಉಂಡಿಯಿಂದಲೇ ಹೌದೋ ಅಲ್ಲವೋ, ತಿಳಿದವರನ್ನು ಕೇಳಿದರೆ ಹೇಳಿಯಾರು. ನಾನು ಕೇಳಿಲ್ಲ, ಅಲ್ಲ ಎಂದಾರೆಂಬ ಆಸೆಗೂ ಕೇಳಿಲ್ಲ.

ಇವತ್ತು ಉಂಡಿ ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೊಬ್ಬರಿ ಹೆರೆಯುತ್ತ ಕುಳಿತವಳು ನನ್ನ ಮಗಳು. ಅಂದಿನ ಆ ಕೂಸು, ಈಗ ತಾನೇ ಅಜ್ಜಿ. ಒಂದು ತಿಂದು ನೋಡು ಎಂದು ಎಂದಿನಂತೆ ಮುಂದೆ ಹಿಡಿದಳು. ಎಂದಿನ ನೆಪ ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಆಕೆ ಹೆರೆಯುವುದನ್ನು ನಿಲ್ಲಿಸಿ ಕೇಳಿದಳು.

"ಬಾಣಂತಿ ಉಂಡಿ ಯಾರರ ಆಡಿಗೆ ತಿನಸ್ತಾರೇನ ಅವ್ವಾ? ಬುದ್ಧಿ ಎಲ್ಲಿಟ್ಟಿದ್ದಿ?" ಎಂದು ಸುರುಮಾಡಿದಳು. ಆ ಬಡವಿಯ ಎರಡು ಆಡಿನ ಬದುಕಿಗೆ ಕೈ ಹಾಕಿದೆ ಎಂದಳು. ಎರಡು ವರ್ಷ ಬಾಯಿ ಮುಚ್ಚಿಕೊಂಡು ಹಾಲು ಹೇಗೆ ಇಸಿದುಕೊಂಡೆ ಎಂದಳು. ಫಕ್ಕೀರವ್ವ ಇದ್ದಾಗಲೇ ತನಗೆ ಹೇಳಿದ್ದರೆ ಹೋಗಿ ಕಾಲಿಗೆ ಬೀಳುತ್ತಿದ್ದೆನಲ್ಲ ಎಂದು ಕಣ್ಣೊರೆಸಿಕೊಂಡಳು, ಮತ್ತೆ ಬೈದಳು. ಬಾಣಂತಿಯ ಕೋಣೆಯಿಂದ ಮೊಮ್ಮಗಳು ಏನಾಯಿತೆಂದು ಕೂಗಿ ಕೇಳುವಷ್ಟು ಬೈದಳು. ಒಂದು ಮಾತೂ ಸುಳ್ಳಿರಲಿಲ್ಲ. ಇಷ್ಟು ವರ್ಷ ಇದಕ್ಕೇ ಕಾಯುತ್ತಿದ್ದೆನೇನೋ, ನನ್ನ ಜೀವ ಹಗುರಾಯಿತು.

ಆಕೆ ಬೈದು ದಣಿದ ಮೇಲೆ ಪರಾತದಿಂದ ಒಂದು ಉಂಡಿ ಎತ್ತಿಕೊಂಡು ಮೆಲ್ಲಗೆ ಕಚ್ಚಿದೆ. ಅಂಟು ಚೆನ್ನಾಗಿ ಅರಳಿತ್ತು. ಹಲ್ಲಿಗೆ ಎಲ್ಲೂ ಕಲ್ಲು ಸಿಗಲಿಲ್ಲ.