ಚಿಕ್ಕಮ್ಮನ ಸೆಟ್‌ಬ್ಯಾಕ್

ಮನೆ ಕಟ್ಟುವವರೆಲ್ಲ ಬೈಯುವ ನಿಯಮ ಒಂದಿದೆ. ಗೋಡೆಗೂ ಬೇಲಿಗೂ ನಡುವೆ ನಾಲ್ಕೂ ಕಡೆ ಇಷ್ಟಿಷ್ಟು ಜಾಗ ಖಾಲಿ ಬಿಡಬೇಕು. ಅದಕ್ಕೆ ಸೆಟ್‌ಬ್ಯಾಕ್ ಎನ್ನುತ್ತಾರೆ. ನಮ್ಮ ಕಡೆ ಅದನ್ನು ನಕ್ಷೆಯಲ್ಲಿ ಬಿಡುತ್ತಾರೆ, ನೆಲದ ಮೇಲೆ ಯಾರೂ ಬಿಡುವುದಿಲ್ಲ. ನಾನೂ ಬಿಟ್ಟಿಲ್ಲ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನುತ್ತೇವೆ.

ನನ್ನ ಚಿಕ್ಕಮ್ಮ ಚೆಟ್ಟಳ್ಳಿ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತ, ಅಲ್ಲಿಯ ಲೈನ್‌ಮನೆಯಲ್ಲೇ ಆಯುಷ್ಯ ಕಳೆದವಳು. ಲೈನೆಂದರೆ ಒಂದೇ ಉದ್ದ ಕಟ್ಟಡ, ಸಾಲಾಗಿ ಬಾಗಿಲುಗಳು, ಎರಡು ಮನೆಗಳ ನಡುವೆ ಒಂದೇ ಗೋಡೆ. ಕೆಲಸ ಬಿಟ್ಟ ಮೇಲೆ ಊರಂಚಿನಲ್ಲಿ ಪುಟ್ಟ ಸೈಟೊಂದನ್ನು ಕೊಂಡಳು. ಅಲ್ಲಿ ಜೀಪು ತಿರುಗಿಸಲು ಹೋದರೆ ಪಕ್ಕದವರ ಕೆಸುವಿನ ಗಿಡ ಚಕ್ರದಡಿಗೆ ಬರುತ್ತದೆ.

ನಕ್ಷೆ ಬರೆಯುವ ಇಂಜಿನಿಯರ್ ಹತ್ತಿರ ಅವಳನ್ನು ಕರೆದುಕೊಂಡು ಹೋದೆ. ಅವರು ನಾಲ್ಕೂ ಕಡೆ ಸೆಟ್‌ಬ್ಯಾಕ್ ಗೆರೆ ಎಳೆದಾಗ ನಡುವೆ ಉಳಿದದ್ದು ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು.

“ಗಾಬರಿ ಬೇಡ ಅಮ್ಮ. ಪರ್ಮಿಶನ್ನಿಗೆ ಇದನ್ನ ಕೊಡುವ. ಕಟ್ಟುವಾಗ ಬೇಲಿವರೆಗೆ ಎಳೆಯುವ. ಒಂದು ಹಾಲ್ ಸಿಗ್ತದೆ,” ಎಂದರು.

“ಹಾಲ್ ಎಂತಕ್ಕೆ? ಗೆರೆ ಹಾಕಿದ್ದೀರಲ್ಲ, ಅಲ್ಲಿಗೇ ನಿಲ್ಲಿಸಿ,” ಎಂದಳು ಚಿಕ್ಕಮ್ಮ.

ನನಗೆ ಸಿಟ್ಟು ಬಂತು. ನೆಂಟರು ಬಂದರೆ ಮಲಗಿಸುವುದೆಲ್ಲಿ ಎಂದು ವಾದಿಸಿದೆ. ನೆಂಟರೆಂದರೆ ನಾನೇ ಎಂಬುದು ಅವಳಿಗೆ ಗೊತ್ತಿತ್ತು.

“ನೀನು ಸಂಜೆ ಬಸ್ಸಿಗೆ ಹೋಗು ಮಾರಾಯ.”

ಪಾಯ ತೋಡುವ ದಿನ ಮೇಸ್ತ್ರಿ ಹಗ್ಗವನ್ನು ಬೇಲಿಯತ್ತ ಮೆಲ್ಲನೆ ಸರಿಸಿದ, ಅಭ್ಯಾಸಬಲ ಅವನದು. ಅವಳು ಹಗ್ಗವನ್ನು ಹಿಂದಕ್ಕೆಳೆದು, ಇನ್ನೊಂದು ಗೇಣು ಹೆಚ್ಚೇ ಬಿಡಿಸಿದಳು. ಪಂಚಾಯಿತಿಯಿಂದ ಬಂದ ಒಬ್ಬರು ಟೇಪು ಹಿಡಿದು ಅಳೆದರು, ನಂಬಿಕೆ ಬಾರದೆ ಮತ್ತೆ ಅಳೆದರು. ಜಗಳಕ್ಕೆ ಸಜ್ಜಾಗಿ ಬಂದಿದ್ದ ಮನುಷ್ಯನಿಗೆ, ಪಾಪ, ನಿರಾಸೆಯಾಗಿರಬೇಕು. ಕಾಫಿ ಕುಡಿದು ಸುಮ್ಮನೆ ಹೋದರು.

ಹಾಲುಕ್ಕಿಸಿದ ದಿನ ಆ ಕೋಣೆಯಲ್ಲಿ ನಾವೆಲ್ಲ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆವು. ಎಲೆ ಹಾಕುವ ಹೊತ್ತಿಗೆ ಚಿಕ್ಕಮ್ಮ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಮನೆಯ ಹಿಂದೆ, ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು ನಿಧಾನಕ್ಕೆ ನಡೆಯುತ್ತಿದ್ದಳು.

“ಇಲ್ಲಿ ಎಂತ ಮಾಡ್ತಾ ಇದ್ದೀಯ?”

“ಸುತ್ತು ಬರ್ತಾ ಇದ್ದೇನೆ,” ಎಂದಳು. “ಲೈನಲ್ಲಿ ಗೋಡೆ ಎಲ್ಲ ಪಕ್ಕದವರ ಜೊತೆ ಪಾಲು. ಇದು ನಾಲ್ಕೂ ನಂದೇ.”

ಊಟಕ್ಕೆ ಕರೆಯಲು ಹೋದವನು ಕರೆಯಲಿಲ್ಲ. ಗೋಡೆಗೂ ಬೇಲಿಗೂ ನಡುವಿನ ಆ ಓಣಿಯಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲವಿಲ್ಲ. ಅವಳನ್ನು ಮುಂದೆ ಬಿಟ್ಟು ಹಿಂದಿನಿಂದ ನಾನೂ ಒಂದು ಸುತ್ತು ಬಂದೆ.