ಬೆಳಬೆಳಗ್ಗೆ ‘ಸಾವಾ?’

“ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಸಾವಾ ಅಂತ ಕೇಳ್ತಾಳಲ್ಲೇ ಅವಳು!” ಅತ್ತೆ ಸಿಡಿಮಿಡಿಗೊಂಡು ಒಳಗೆ ಬಂದರು. ಹಾಸನದಿಂದ ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿಗೆ ಬಂದು ಅವರಿಗಿನ್ನೂ ವಾರವಾಗಿರಲಿಲ್ಲ. ಎದುರು ಮನೆಯ ನನ್ನ ಗೆಳತಿ ಕ್ಲೇರ್ ಫ್ರಾನ್ಸಿನವಳು. ಅವಳ ಭಾಷೆಯಲ್ಲಿ ‘ಸಾ ವಾ?’ ಎಂದರೆ ‘ಚೆನ್ನಾಗಿದ್ದೀರಾ?’ ಎಂದು ಬಿಡಿಸಿ ಹೇಳುವಷ್ಟರಲ್ಲಿ ನಕ್ಕು ನಕ್ಕು ನನಗೆ ಸಾಕಾಯಿತು.

ಮರುದಿನವೂ ಕ್ಲೇರ್ ಅದನ್ನೇ ಕೇಳಿದಳು. ಅತ್ತೆ ಸೆರಗು ಸರಿಮಾಡಿಕೊಂಡು, “ಇನ್ನೂ ಇಲ್ಲ ಕಣಮ್ಮಾ, ಕಾಫಿ ಕುಡಿಯೋದು ಬಾಕಿ ಇದೆ. ನೀನೂ ಬಾ” ಎಂದರು. ಕ್ಲೇರ್‌ಗೆ ಅರ್ಥವಾದದ್ದು ‘ಕಾಫಿ’ ಒಂದೇ. ಬಂದು ಕೂತಳು. ಆಮೇಲೆ ದಿನವೂ ಬಂದಳು.

ಅತ್ತೆ ಈಗ ಊರಿನಲ್ಲಿದ್ದಾರೆ. ಮೊನ್ನೆ ಫೋನಿನಲ್ಲಿ ಬೇಸರಪಟ್ಟುಕೊಂಡರು: “ಇಲ್ಲಿ ಒಬ್ಬರೂ ಸಾವಾ ಅನ್ನಲ್ಲ ಕಣೇ!”